ಕಿರುಬೆರಳಿನ ಕಾವಲು

“ಇವತ್ತು ಸಂಜೆವರೆಗೂ ಆ ಕಿರುಬೆರಳು ನಿಂದಲ್ಲ, ನಂದು. ಎಲ್ಲಾದ್ರೂ ತಾಗಿಸ್ಕೊಂಡು ಬಂದ್ಯೋ, ನಿನ್ನ ರೂಮಿಗೆ ನನ್ನ ಬೀಗ,” ಎಂದರು ಬಾಡಿಗೆ ಬಾಕಿಗಾಗಿ ಕಾದಿದ್ದ ಮನೆ ಒಡತಿ.

ಗಾರೆಯವನು ಎಡಗೈ ಕಿರುಬೆರಳನ್ನು ಎತ್ತಿ ನೋಡಿದ. ಕಿವಿ ಕೆರೆದುಕೊಳ್ಳುವುದಕ್ಕೆ ಬಿಟ್ಟರೆ ಹುಟ್ಟಿದಾಗಿನಿಂದ ಅದನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಕಂಟ್ರಾಕ್ಟರು ಈ ತಿಂಗಳಿಂದ ಕೂಲಿಯನ್ನು ಕೈಗೆ ಕೊಡುವುದು ನಿಲ್ಲಿಸಿ ಖಾತೆಗೆ ಹಾಕತೊಡಗಿದ್ದರು. ಬಡವರೆಲ್ಲ ಬ್ಯಾಂಕಿನೊಳಗೆ ಬರಬೇಕಂತೆ. ಇವನೂ ಬಂದ, ದುಡ್ಡು ಮಾತ್ರ ಹೊರಗೆ ಬರಲಿಲ್ಲ. ಸಿಮೆಂಟು ತಿಂದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೂಲೆ ಅಂಗಡಿಯಲ್ಲಿ ಬ್ಯಾಂಕಿನ ಪುಟ್ಟ ಯಂತ್ರ ಇಟ್ಟುಕೊಂಡಿದ್ದ ಏಜೆಂಟ್ ನಿನ್ನೆ ಒಂದೊಂದೇ ಬೆರಳನ್ನು ಒತ್ತಿಸಿ ಸೋತಿದ್ದ; ಕೊನೆಗೆ ಈ ಕಿರುಬೆರಳನ್ನು ಯಂತ್ರ ಗುರುತು ಹಿಡಿಯುವ ಹೊತ್ತಿಗೆ ನೆಟ್‌ವರ್ಕೇ ಹೋಗಿತ್ತು. ನಾಳೆ ಸಂಜೆ ಬಾ, ಅಲ್ಲೀತನಕ ಇದಕ್ಕೆ ನೀರು, ಸಿಮೆಂಟು ಸೋಕಿಸಬೇಡ ಎಂದು ಹೇಳಿ ಕಳಿಸಿದ್ದ.

ಇವತ್ತು ಕಳೆದರೆ ನಾಳೆ ಹೆಂಡತಿ ಎಳೆಗೂಸನ್ನೆತ್ತಿಕೊಂಡು ಆಸ್ಪತ್ರೆಯಿಂದ ಬರುವವಳಿದ್ದಳು. ಬಾಗಿಲಲ್ಲಿ ಬೀಗ ನೇತಾಡುತ್ತಿದ್ದರೆ ಅವಳಿಗೆ ಯಾವ ಮುಖ ತೋರಿಸುವುದು? ಗಾರೆಯವನು ಕೆಲಸಕ್ಕೆ ಚಕ್ಕರ್ ಹೊಡೆದು, ಕಾವಿಗೆ ಕೂತ ಕೋಳಿಯಂತೆ ಬೆರಳು ಕಾಯುತ್ತ ಅಂಗಳದಲ್ಲಿ ಕೂತ.

ಪಕ್ಕದ ಮನೆಯ ದರ್ಜಿಗೆ ಸುಮ್ಮನಿರಲಾಗಲಿಲ್ಲ. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ ತಂದು, ಇದಿದ್ದರೆ ಸೂಜಿಯೂ ಸೋಕುವುದಿಲ್ಲ ಎಂದು ತೊಡಿಸಿಯೇಬಿಟ್ಟ. ಹೋಗುವಾಗ ಸಲೀಸಾಗಿ ಹೋದ ಟೋಪಿ ತೆಗೆಯುವಾಗ ಜಪ್ಪಯ್ಯ ಅನ್ನಲಿಲ್ಲ. ಸೋಪು ಹಚ್ಚೋಣವೆಂದರೆ ಅದಕ್ಕೂ ನೀರು ಬೇಕಲ್ಲ ಎಂದು ಒಡತಿ ತಡೆದರು. ಕೊನೆಗೆ ಎಣ್ಣೆ ಸುರಿದು, ದರ್ಜಿ ಇವನ ಹೆಗಲು ಹಿಡಿದುಕೊಂಡ. ಒಡತಿ ಟೋಪಿ ಹಿಡಿದು ಜಗ್ಗಿದರು. ಟೋಪಿ ಬಂತು. ಜಗ್ಗಿದ ರಭಸಕ್ಕೆ ಒಡತಿ ಹಿಂದಕ್ಕೆ ಹೋಗಿ ನೀರಿನ ತೊಟ್ಟಿಗೆ ಬಡಿದರು. ತೊಟ್ಟಿ ಬಿರುಕು ಬಿಟ್ಟು ನೀರು ಅಂಗಳಕ್ಕೆ ಇಳಿಯಿತು.

ಗಾರೆಯವನ ಕೈ ಅಭ್ಯಾಸಬಲದಿಂದ ಮೂಲೆಯಲ್ಲಿಟ್ಟಿದ್ದ ಸಿಮೆಂಟಿನ ಚೀಲದತ್ತ ಹೋಯಿತು.

“ಮುಟ್ಟಿದ್ರೆ ನೋಡು! ನೀನು ಬಾಯಲ್ಲಿ ಹೇಳು, ನಾನು ಮಾಡ್ತೀನಿ,” ಎಂದು ಒಡತಿ ಸೆರಗು ಸಿಕ್ಕಿಸಿದರು.

ಗಾರೆ ಬಳಿಯುವ ಕರಣೆ ಬಿರುಕಿನ ಸಂದಿಗೆ ಹೋಗುತ್ತಿರಲಿಲ್ಲ. ಹೀಗಾಗಿ ಅವರು ಬರಿಗೈಯಲ್ಲೇ ಸಿಮೆಂಟು ಕಲಸಿದರು, ಬೆರಳಲ್ಲೇ ತುಂಬಿದರು. ಇವನು ಬೆರಳೆತ್ತಿಕೊಂಡು ನಿಂತು, ಇನ್ನೊಂಚೂರು ನೀರು ಹಾಕಿ ಅಮ್ಮಾ, ಒತ್ತಿ, ಗಟ್ಟಿಯಾಗಿ ಒತ್ತಿ ಎನ್ನುತ್ತಿದ್ದ.

“ಮೇಸ್ತ್ರಿ ಆಗೋಕೆ ಜನ ಅರ್ಧ ಆಯುಷ್ಯ ಸವೆಸ್ತಾರೆ. ನೀನು ಒಂದು ಬೆರಳೆತ್ತಿ ಆಗ್ಬಿಟ್ಟೆಯಲ್ಲಯ್ಯಾ,” ಎಂದ ದರ್ಜಿ.

ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು.

ಸಂಜೆ ಒಡತಿಯೇ ಅವನನ್ನು ಅಂಗಡಿಗೆ ಕರೆದೊಯ್ದರು. ಕಿರುಬೆರಳು ಒತ್ತಿದ್ದೇ ತಡ, ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಗಾರೆಯವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಏಜೆಂಟಿನ ಗಲ್ಲಾ ಖಾಲಿ. ತೆಗೆಯುವವರೇ ಎಲ್ಲ, ಕಟ್ಟುವವರು ಯಾರೂ ಇಲ್ಲ ಎಂದು ಅವನು ಗೋಳು ತೋಡಿಕೊಂಡ. ನೋಟಿನ ಹಂಗೇ ಬೇಡ, ಬಾಡಿಗೆಯನ್ನು ನೇರ ಅಮ್ಮನವರ ಖಾತೆಗೇ ದಾಟಿಸುತ್ತೇನೆ ಎಂದ. ಒಡತಿಯ ಖಾತೆಯೋ, ತೆರೆದ ದಿನದಿಂದ ಯಾರೂ ಮುಟ್ಟದೆ ನಿದ್ದೆ ಹೋಗಿತ್ತು.

“ಎಬ್ಬಿಸೋದೇನು ಕಷ್ಟ ಅಲ್ಲ ಅಮ್ಮಾ. ನಿಮ್ಮ ಬೆರಳು ಒತ್ತಿ, ಸಾಕು.”

ಒಡತಿ ಹೆಬ್ಬೆರಳು ಒತ್ತಿದರು. ಕೆಂಪು. ತೋರುಬೆರಳು ಒತ್ತಿದರು. ಕೆಂಪು. ಒಂದು ಕೈ ಮುಗಿದು ಇನ್ನೊಂದೂ ಮುಗಿಯಿತು. ಏಜೆಂಟ್ ಅವರ ಅಂಗೈ ತಿರುಗಿಸಿ ನೋಡಿದ. ಬೆರಳ ತುದಿಗಳು ಸುಟ್ಟು, ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ನುಣ್ಣಗಾಗಿದ್ದವು.

“ಇವತ್ತು ಏನು ಮುಟ್ಟಿದ್ರಿ?”

ಒಡತಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಗಾರೆಯವನು ಮೆಲ್ಲಗೆ, “ಸಿಮೆಂಟು,” ಎಂದ.

ಗೆರೆ ಮತ್ತೆ ಮೂಡುವವರೆಗೆ ನೀರಿಗೆ ಕೈ ಹಾಕಬೇಡಿ, ಪಾತ್ರೆಗೀತ್ರೆ ತೊಳೆಯಬೇಡಿ ಎಂದು ಹೇಳಿ ಏಜೆಂಟ್ ಅಂಗಡಿ ಮುಚ್ಚಿದ.

ಮನೆ ಮುಂದೆ ಬಂದಾಗ ಗಾರೆಯವನು ಕೇಳಿದ:

“ಅಮ್ಮಾ, ಬೀಗ...”

“ಬೀಗ ಹಾಕಿ ನಿನ್ನ ಓಡಿಸಿದ್ರೆ, ನನ್ನ ಪಾತ್ರೆ ಯಾರು ತೊಳೀತಾರೆ?”

ಗಾರೆಯವನು ಅಂಗಳದ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಲೋಟ, ತಟ್ಟೆ ಮುಗಿಯುವವರೆಗೂ ಕಿರುಬೆರಳು ಮೇಲೆಯೇ ಇತ್ತು. ತಳ ಹಿಡಿದ ದೊಡ್ಡ ಪಾತ್ರೆ ಕೈಗೆ ಬಂದಾಗ ಅದೂ ಕೆಳಗಿಳಿಯಿತು.