ಬುಧವಾರದ ಹಂಡೆ ನೀರು

ನನ್ನ ಹೆಸರು ಶರಾವತಿ. ಹೆಸರು ನದಿಯದಾದರೂ ಮದುವೆಯಾದ ಹತ್ತು ವರ್ಷಗಳಲ್ಲಿ ನನ್ನ ತಲೆಗೆ ಬಿದ್ದದ್ದು ಹಂಡೆಯ ತಳದ ಎರಡು ಚೊಂಬು ಉಗುರುಬೆಚ್ಚಗಿನ ನೀರು ಮಾತ್ರ! ಮೊದಲು ಯಜಮಾನರು, ಆಮೇಲೆ ಮಕ್ಕಳಿಬ್ಬರು, ಕೊನೆಗೆ ನಾನು. ಯಾರೂ ಮಾಡಿದ ಕಾನೂನಲ್ಲ, ಆದರೂ ಮುರಿಯಲು ಧೈರ್ಯವಿರಲಿಲ್ಲ. ಎಂಬತ್ತಮೂರನೇ ಇಸವಿಯ ಒಂದು ಬುಧವಾರ ಭೀಷ್ಮಪ್ರತಿಜ್ಞೆ ಮಾಡಿಯೇಬಿಟ್ಟೆ: ಇವತ್ತು ಹಂಡೆ ತುಂಬ ಬಿಸಿನೀರು, ನೆತ್ತಿಯಿಂದ ಪಾದದವರೆಗೆ ಎಣ್ಣೆ, ಅಷ್ಟೂ ನನ್ನೊಬ್ಬಳಿಗೆ!

ಆಗ ನಾವಿದ್ದದ್ದು ಮಾಸ್ತಿಕಟ್ಟೆಯ ಪ್ರಾಜೆಕ್ಟ್ ಕ್ವಾರ್ಟರ್ಸಿನಲ್ಲಿ. ಯಜಮಾನರು ರಾಮಚಂದ್ರಪ್ಪನವರು ಸ್ಟೋರ್ಸಿನ ಗುಮಾಸ್ತರು. ಅವರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದದ್ದೇ ತಡ, ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ತಲೆಗೆ ಬೆಚ್ಚನೆಯ ಎಣ್ಣೆ ಒತ್ತಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆ. ಕಣ್ಣು ತಾನಾಗಿ ಮುಚ್ಚಿತು. ಲಿಂಗನಮಕ್ಕಿ ಜಲಾಶಯದ ನೀರೆಲ್ಲ ಹದವಾಗಿ ಕಾದಿದೆ, ಅದರ ಮೇಲೆ ನಾನು ಅಂಗಾತ ತೇಲುತ್ತಿದ್ದೇನೆ, ದಡದಲ್ಲಿ ಯಾರೂ “ಅಮ್ಮಾ, ಟವೆಲ್” ಎಂದು ಕೂಗುತ್ತಿಲ್ಲ. ಆಹಾ, ಎಂಥ ಸುಖ!

“ಎಂತ ಶರಾವತಿ, ಹನ್ನೊಂದು ಗಂಟೆಗೆ ಬಚ್ಚಲಲ್ಲಿ ಹೊಗೆ?”

ಬೇಲಿಯಾಚೆ ಪಕ್ಕದ ಮನೆಯ ಪುಷ್ಪಮ್ಮ. ಗಡಬಡಿಸಿ ಸೆರಗನ್ನು ತಲೆಯ ಮೇಲೆಳೆದುಕೊಂಡೆ. “ನನಗೆ” ಎಂಬ ಮೂರೇ ಅಕ್ಷರ ಹೇಳಿದ್ದರೆ ಸಾಕಿತ್ತು. ಹಬ್ಬವಿಲ್ಲ, ಹರಿದಿನವಿಲ್ಲ, ಹಾಡುಹಗಲೇ ಒಬ್ಬಳೇ ಎಣ್ಣೆಸ್ನಾನ ಮಾಡುವವಳೂ ಒಬ್ಬ ಗೃಹಿಣಿಯೇ? ಕದಿಯುವಾಗ ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಹೊತ್ತುಗೊತ್ತಿಲ್ಲದೆ ತಲೆಗೆ ಮೀಯಲು ಇರುವ ಕಾರಣ ಒಂದೇ, ಸಾವಿನ ಸುದ್ದಿ!

“ನಗರದಲ್ಲಿ ನಮ್ಮ ದೊಡ್ಡಮ್ಮ ಹೋಗ್ಬಿಟ್ರಂತೆ,” ಎಂದೆ.

ನಗರವೆಂಬ ಊರಿನಲ್ಲೂ, ಬೇರೆಲ್ಲೂ ಅಂಥ ದೊಡ್ಡಮ್ಮ ನನಗೆ ಇರಲೇ ಇಲ್ಲ! ಪುಷ್ಪಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಪಾಪ” ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಾತ್ರಿಪಾಳಿ ಮುಗಿಸಿ ಮನೆಯಲ್ಲಿದ್ದ ಅವರ ಯಜಮಾನರು ಮುಕುಂದಯ್ಯ ಬಲು ಕರುಣಾಳು. ಮಾತು ಕಿವಿಗೆ ಬಿದ್ದದ್ದೇ ಸೈಕಲ್ ಹತ್ತಿ ಸ್ಟೋರ್ಸಿಗೆ ಹೋಗಿ ಸುದ್ದಿ ಮುಟ್ಟಿಸಿಬಿಟ್ಟರು!

ಇತ್ತ ನಾನು ಇನ್ನಷ್ಟು ಹೊತ್ತು ಕನಸಿನಲ್ಲೇ ತೇಲಿ, ಸೀಗೆಪುಡಿ ಕಲಸಿಕೊಂಡು ಬಚ್ಚಲ ಬಾಗಿಲಿಗೆ ಕೈಹಾಕಿದ್ದೆ. ಆಫೀಸು ಜೀಪಿನ ಹಾರ್ನ್ ಕೇಳಿಸಿತು. ಮೂರು ದಿನದ ರಜೆ ಬರೆದುಕೊಟ್ಟು, ಶಾಲೆಯಿಂದ ಮಕ್ಕಳನ್ನೂ ಕರೆದುಕೊಂಡು ಯಜಮಾನರು ಇಳಿದರು. ಸಾವಿನ ಸುದ್ದಿ ಕೇಳಿದವರು ಮೀಯದೆ ಮನೆಯೊಳಗೆ ಬರುವಂತಿಲ್ಲ. ಹಿತ್ತಿಲ ಕಡೆಯಿಂದ ಬಂದವರೇ ನೇರ ಬಚ್ಚಲಿಗೆ ನುಗ್ಗಿದರು!

ಸೀಗೆಯ ಬಟ್ಟಲು ಹಿಡಿದು ಹೊರಗೆ ನಿಂತೆ. ಒಳಗೆ ಧೋ ಧೋ ಎಂದು ನನ್ನ ನೀರು ಸುರಿಯುತ್ತಿತ್ತು. ದುಃಖಕ್ಕೇ ಇರಬೇಕು, ಅಂದು ಅವರು ಎಂದಿಗಿಂತ ಎರಡರಷ್ಟು ಹೊಯ್ದುಕೊಂಡರು. ಆಮೇಲೆ ಮಕ್ಕಳು. ಕಡೆಗೆ ಹಂಡೆಗೆ ಇಣುಕಿದರೆ ತಳದಲ್ಲಿ ಎರಡೇ ಚೊಂಬು! ನನಗೆ ನಿಜವಾಗಿ ಅಳು ಬಂತು.

ಅವರು ಕೈಯಲ್ಲಿ ಚೀಲ ಹಿಡಿದು ಹೊರಟೇ ನಿಂತಿದ್ದರು. “ಅಳಬೇಡ, ಬಸ್ಸಿಗೆ ಹೊತ್ತಾಗ್ತದೆ. ದೊಡ್ಡಮ್ಮನ ಮನೆ ನಗರದಲ್ಲಿ ಎಲ್ಲಾಯ್ತು?”

ಇನ್ನು ತಡೆಯಲಾಗಲಿಲ್ಲ. “ಯಾರೂ ಸತ್ತಿಲ್ಲ ಕಣ್ರೀ. ಆ ನೀರು ನಂಗೆ ಅಂತ ಕಾಯಿಸಿದ್ದು.”

ಅವರು ಚೀಲ ಕೆಳಗಿಟ್ಟರು. ಹಂಡೆಯೊಳಗೆ ತಾವೇ ಇಣುಕಿ ನೋಡಿದರು. ಆಮೇಲೆ, “ಹೇಳಿದ್ರೆ ನಾ ಬೇಡ ಅಂತಿದ್ನಾ?” ಎಂದರು.

ಅಂತಿರಲಿಲ್ಲ. ಹತ್ತು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ! ನಾಚಿಕೆಯ ಜೊತೆಗೆ ಅವರ ಮೇಲೆ ಪ್ರೀತಿಯೂ ಉಕ್ಕಿತು. ಆದರೆ ಪ್ರೀತಿಯಿಂದ ನೀರು ಕಾಯುವುದಿಲ್ಲವಲ್ಲ, ಸೌದೆ ಮುಗಿದಿತ್ತು. ಆ ಎರಡು ಚೊಂಬಿನಲ್ಲೇ ಮಿಂದೆ. ತಲೆಯ ಎಣ್ಣೆ ಹೋಗಲು ಮೂರು ದಿನ ಹಿಡಿಯಿತು.

ಮುಂದಿನ ಬುಧವಾರ ಯಜಮಾನರೇ ಸೌದೆ ಸೀಳಿ, ಹಂಡೆ ತುಂಬಿಸಿ ಕೆಲಸಕ್ಕೆ ಹೋದರು. ಪುಷ್ಪಮ್ಮ ಕೇಳಿದರೆ ಗಟ್ಟಿಯಾಗಿ “ನನಗೆ” ಎನ್ನಬೇಕೆಂದು ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿ, ಎದೆಯುಬ್ಬಿಸಿ ಬೇಲಿಯ ಬಳಿ ಹೋದೆ. ನೋಡಿದರೆ ಅವರ ಬಚ್ಚಲಲ್ಲೂ ಹೊಗೆ! ಪುಷ್ಪಮ್ಮನ ಹಣೆ ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿತ್ತು.

“ಎಂತ ಪುಷ್ಪಕ್ಕ, ಇಷ್ಟು ಹೊತ್ತಿಗೆ?” ಎಂದೆ.

ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. “ಆವತ್ತು ನಿನ್ನ ಕಿವಿ ಮೇಲೆ ಎಣ್ಣೆ ಇಳೀತಿತ್ತು ಮಾರಾಯ್ತಿ, ಸಾವಿನ ಸ್ನಾನಕ್ಕೆ ಯಾರು ಎಣ್ಣೆ ಹಚ್ತಾರೆ, ಆಗ್ಲೇ ಗೊತ್ತಾಯ್ತು. ನಂಗೂ ಆಸೆ ಆಯ್ತು, ‘ನನಗೆ’ ಅನ್ನಕ್ಕೆ ಬಾಯಿ ಬರ್ಲಿಲ್ಲ. ಅದಕ್ಕೇ ನಮ್ಮನೆಯವ್ರಿಗೆ ನಿನ್ನ ದೊಡ್ಡಮ್ಮನ ತಂಗಿನೂ ಹೋದ್ರು, ಸುದ್ದಿ ಕೇಳಿದ್ಮೇಲೆ ಮೀಯ್ಬೇಕು ಅಂದೆ. ಅವ್ರು ಈಗ್ಲೇ ಸೈಕಲ್ ಹತ್ತಿ ಸ್ಟೋರ್ಸಿಗೆ ಹೋದ್ರು. ನೀನು ಬೇಗ ಮಿಂದ್ಕೋ.”