ತಾರಸಿಯ ಮೇಲೊಂದು ಮರುಭೂಮಿ

ರಾಜಸ್ಥಾನದ ಮರುಭೂಮಿಯನ್ನು ಗೆದ್ದೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ನಮ್ಮ ಹಿತ್ತಲಿನ ಬಾಳೆಗೆ ನೀರು ಬಿಡುತ್ತಾ, ಮೊಣಕಾಲವರೆಗೆ ಕೆಸರಿನಲ್ಲಿ ನಿಂತುಕೊಂಡು. ಏನು ಮಾಡಲಿ, ತಮಿಳು ಸೀಮೆಯ ನಮ್ಮ ಉತ್ತಮಪಾಳಯಂನಲ್ಲಿ ಶಪಥ ಮಾಡುವುದಕ್ಕೆ ಒಣ ಜಾಗ ಸಿಗುವುದೇ ಕಷ್ಟ. ಮನೆಯ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತದ ಗದ್ದೆ. ಚಪ್ಪಲಿ ಒಣಗಿಸುವುದಕ್ಕೇ ನಾವು ತಾರಸಿ ಹತ್ತಬೇಕು.

ನಾನು ಧನಪಾಲ್. ಗಾಳಿಯಂತ್ರ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ತೇನಿ ಸುತ್ತಮುತ್ತ ತಿರುಗುವ ಆ ದೊಡ್ಡ ರೆಕ್ಕೆಗಳು ನಿಂತುಹೋದರೆ ಬೈಸಿಕೊಳ್ಳುವವನು ನಾನೇ. ಈ ಚಿತ್ತಿರೈ ತಿಂಗಳಲ್ಲಿ, ಅಂದರೆ ಬಿಸಿಲು ನೆತ್ತಿ ಸೀಳುವ ಹೊತ್ತಿನಲ್ಲಿ, ಕಂಪನಿಯವರು ನನಗೆ ಬಡ್ತಿ ಕೊಟ್ಟರು. ಜೈಸಲ್ಮೇರಿನ ಆಚೆ, ಮರಳಿನ ನಡುವಿನ ಒಂದು ಸೈಟಿಗೆ ನಾನು ಇನ್‌ಚಾರ್ಜ್! ಅಲ್ಲಿಯವರೆಗೆ ನಾನು ಇನ್‌ಚಾರ್ಜ್ ಆಗಿದ್ದದ್ದು ಮನೆಯ ಇನ್ವರ್ಟರಿಗೆ ನೀರು ತುಂಬುವುದಕ್ಕೆ ಮಾತ್ರ.

ಸುದ್ದಿ ಕೇಳಿ ಅಮ್ಮ ಪೊನ್ನಮ್ಮಾಳ್ ಅಕ್ಕಿ ಆರಿಸುವ ಮೊರವನ್ನು ಕೆಳಗಿಟ್ಟರು. ನಮ್ಮ ಮನೆತನದ ಇತಿಹಾಸವನ್ನೇ ನನ್ನ ಮುಂದೆ ಹರಡಿದರು.

"ನಮ್ಮ ದೊಡ್ಡೋರು ಮೈಸೂರು ಕಡೆಯಿಂದ ಕನ್ನಡ ಮಾತಾಡ್ಕೊಂಡು, ದನ ಹೊಡ್ಕೊಂಡು, ನಡೆದೇ ಬಂದ್ರು. ಯಾಕೆ? ಇಲ್ಲಿ ನೀರು ಕಂಡ್ರು, ನಿಂತ್ಕೊಂಡ್ರು. ನೀನು ಆ ನೀರು ಬಿಟ್ಟು ಮಣಲಿಗೆ ಹೋಯ್ತೀಯಾ ರಾಸಾ?"

ಅಮ್ಮನನ್ನು ಒಪ್ಪಿಸುವುದು ಸುಲಭ. ಸೊಸೆ ಹೊರಟರೆ ಅತ್ತೆಯೂ ಹೊರಡುತ್ತಾರೆ. ಕಷ್ಟವಿದ್ದದ್ದು ಸೊಸೆಯದು. ನನ್ನ ಹೆಂಡತಿ ತಮಿಳರಸಿ ಬರುವುದಿಲ್ಲ ಎಂದರೆ ನನ್ನ ಬಡ್ತಿ ಅಲ್ಲಿಗೆ ಮುಗಿಯಿತು. ಮುನ್ನೂರು ಅಡಿ ಎತ್ತರದ ಗಾಳಿಯಂತ್ರದ ತುದಿಯಲ್ಲಿ ನಿಂತು ಸ್ಪ್ಯಾನರ್ ಹಿಡಿಯಬಲ್ಲ ಈ ಧೀರನಿಗೆ, ಬೀರುವಿನಲ್ಲಿ ತನ್ನ ಬನಿಯನ್ ಎಲ್ಲಿದೆ ಎಂದು ಗೊತ್ತಿಲ್ಲ. ಅದೂ ಅಲ್ಲದೆ, ನಿಜ ಹೇಳಿಬಿಡುತ್ತೇನೆ, ಸಂಜೆ ಮನೆಗೆ ಬಂದಾಗ ಅವಳ ಮುಖ ಕಾಣದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ.

ಅವಳಿಗೆ ಧೈರ್ಯ ತುಂಬಲು ನಾನು ಒಂದು ಭಾಷಣವನ್ನೇ ಮಾಡಿದೆ. ಬಿಸಿಲಂತೆ, ಇರಲಿ. ನೀರಿಲ್ಲವಂತೆ, ಇರಲಿ. ಮರಳಿನ ಬಿರುಗಾಳಿಯಂತೆ, ಹಸಿರು ತರಕಾರಿ ಅಪರೂಪವಂತೆ, ಎಲ್ಲಾ ಇರಲಿ! ನನ್ನ ಮೈಯಲ್ಲಿ ಹರಿಯುತ್ತಿರುವುದು ರಕ್ತವಲ್ಲ, ಪೌರುಷ. ಅವಳು ಬೀನ್ಸ್ ಮುರಿಯುತ್ತಾ ಪೂರ್ತಿ ಕೇಳಿದಳು. ಆಮೇಲೆ ಒಂದು ಕರಾರು ಹಾಕಿದಳು.

"ಏಂಗ, ಬಾಯಾಗೆ ಹೇಳೋದು ಬ್ಯಾಡ. ಅಮಾಸೆ ಗಂಟ ನಮ್ಮ ಮೊಟ್ಟೆಮಾಡಿ ಮೇಲೆ ಮರುಭೂಮಿಯಾಗೆ ಇದ್ದಂಗೆ ಇದ್ದು ತೋರ್ಸಿ. ಫ್ಯಾನಿಲ್ಲ, ದಿನಕ್ಕೆ ಒಂದು ಕೊಡ ನೀರು. ಬಿಸಿಲು ತಾಳಲ್ಲ ಅಂತ ನಿಮ್ಮ ಬಾಯಾಗೆ ಒಂದು ಮಾತು ಬಂತೋ, ನಾನು ಬರೋದಿಲ್ಲೆ. ಇನ್ನೊಂದು, ಮೇಲಿಂದ ನನ್ನ ಕರೀಬಾರದು."

ಮೊಟ್ಟೆಮಾಡಿ ಎಂದರೆ ನಮ್ಮ ಕಡೆ ತಾರಸಿ. ನಾನು ಮೀಸೆ ತಿರುವಿ ಒಪ್ಪಿಕೊಂಡೆ.

ಮಾಡಿದರೆ ಸರಿಯಾಗಿ ಮಾಡಬೇಕು ಎನ್ನುವವನು ನಾನು. ಬರೀ ತಾರಸಿ ಮರುಭೂಮಿ ಆಗುತ್ತದೆಯೇ? ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದ ಕರುಪ್ಪಯ್ಯನವರಲ್ಲಿ ಬೇಡಿ ಬುಟ್ಟಿ ಬುಟ್ಟಿ ಮರಳು ಹೊತ್ತು ತಾರಸಿಯಲ್ಲಿ ಹರಡಿದೆ. ನೀರಿನ ತೊಟ್ಟಿಯ ಪಕ್ಕ ತಗಡಿನ ಚಪ್ಪರ ಎತ್ತಿದೆ. ಬಿಳಿ ವೇಷ್ಟಿ ಪಂಚೆಯನ್ನು ಮುಂಡಾಸಾಗಿ ಸುತ್ತಿ, ಮೂಗಿನವರೆಗೆ ಮುಸುಕು ಎಳೆದು, ಸಜ್ಜೆ ರೊಟ್ಟಿ ಮತ್ತು ಈರುಳ್ಳಿ ಇಟ್ಟುಕೊಂಡು ಕೂತೆ. ಒಂಟೆ ಒಂದು ಕಡಿಮೆ.

ಮೊದಲ ದಿನವೇ ಗಾಳಿ ಬಂತು. ನಮ್ಮ ಕಣಿವೆಯ ಗಾಳಿ ಸಾಮಾನ್ಯವಲ್ಲ, ನನಗೆ ಸಂಬಳ ಕೊಡುವುದೇ ಅದು. ನನ್ನ ಮರುಭೂಮಿ ಎದ್ದು ಹೋಗಿ, ಅಮ್ಮ ಆ ಕಡೆ ಒಣಗಲು ಹಾಕಿದ್ದ ಇಡೀ ವರ್ಷದ ಸಂಡಿಗೆಯ ಮೇಲೆ ಕೂತುಕೊಂಡಿತು. ಅಮ್ಮ ಮೇಲೆ ಬಂದು ಸಂಡಿಗೆ ನೋಡಿದರು, ನನ್ನನ್ನು ನೋಡಿದರು, ಕೆಳಗಿಳಿದರು. ಆ ನೋಟಕ್ಕಿಂತ ಬಿಸಿಲೇ ತಂಪಾಗಿತ್ತು. ಉಳಿದ ಮರಳನ್ನು ಬೀದಿಯ ಬೆಕ್ಕುಗಳು ಕಂಡುಕೊಂಡವು. ಯಾವುದಕ್ಕೆ ಎಂದು ಬಿಡಿಸಿ ಹೇಳುವುದಿಲ್ಲ. ಅಂತೂ ಮರುಭೂಮಿಯಲ್ಲಿ ಜೀವರಾಶಿ ಇಲ್ಲ ಎನ್ನುವವರ ಮಾತು ನಂಬಬೇಡಿ.

ಆದರೂ ನಾನು ಕದಲಲಿಲ್ಲ. ಸ್ನಾನವಿಲ್ಲ, ಫ್ಯಾನಿಲ್ಲ, ತಗಡಿನ ಕೆಳಗೆ ನಾನು ಹಪ್ಪಳದಂತೆ ಎರಡೂ ಮಗ್ಗುಲು ಬೆಂದೆ. ಕೆಳಗೆ ಮನೆಯಲ್ಲಿ ಫ್ಯಾನ್ ಗಿರ್ರೆನ್ನುವ ಸದ್ದು ಕೇಳಿಸುತ್ತಿತ್ತು. ಅದರ ಜೊತೆಗೆ ಏನೋ ಎಳೆದಾಡುವ ಸದ್ದು, ಬೀರು ತೆಗೆಯುವ ಸದ್ದು. ನಾನಿಲ್ಲದೆ ಮನೆಯವರಿಗೆ ನೆಮ್ಮದಿ ಇಲ್ಲ, ಪಾಪ, ಎಂದುಕೊಂಡೆ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಎದೆ, ಬೆನ್ನು, ಕತ್ತು ತುಂಬಾ ಕೆಂಪು ಗುಳ್ಳೆ. ಬೆವರುಸಾಲೆ! ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ರೊಟ್ಟಿ ಕೊಡಲು ಬಂದ ಅಮ್ಮನಿಗೆ ಬೇರೆಯೇ ಗೊತ್ತಾಯಿತು. ಅವರು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಎರಡೂ ಕೆನ್ನೆಗೆ ಬಡಿದುಕೊಂಡು, ಕೈ ಮುಗಿದರು.

"ತಾಯೇ, ನಮ್ಮ ಮನೆಗೆ ಬಂದುಬಿಟ್ಯಾ?"

ನನಗೆ ಅಮ್ಮ ಬಂದಿದೆ ಎಂದು ನನ್ನ ಅಮ್ಮ ತೀರ್ಮಾನಿಸಿದ್ದರು. ಡಾಕ್ಟರುಗಳು ಚಿಕನ್ ಪಾಕ್ಸ್ ಎನ್ನುವುದು ನಮ್ಮ ಮನೆಗಳಲ್ಲಿ ಕಾಯಿಲೆಯಲ್ಲ, ಮಾರಿಯಮ್ಮನೇ ಮೈಮೇಲೆ ಇಳಿಯುವುದು. ಅದರ ಕಟ್ಟುಪಾಡು ನೋಡಿ: ರೋಗಿ ಒಂದೇ ಕಡೆ ಬಿದ್ದಿರಬೇಕು, ಸ್ನಾನವಿಲ್ಲ, ಬಿಳಿ ಬಟ್ಟೆ, ಒಗ್ಗರಣೆಯಿಲ್ಲದ ಊಟ, ಕುಡಿಯಲು ಬೇರೆ ಕೊಡ. ಅಷ್ಟು ದಿನದಿಂದ ನಾನು ಅದನ್ನೇ ಮಾಡುತ್ತಾ ಕೂತಿದ್ದೆನಲ್ಲ! ಅಮ್ಮನಿಗೆ ಇನ್ನೇನು ಸಾಕ್ಷಿ ಬೇಕು? ಮಗನಿಗೆ ಮುಂಚೆಯೇ ಸೂಚನೆ ಸಿಕ್ಕಿ ತಾನಾಗಿ ವ್ರತಕ್ಕೆ ಕೂತಿದ್ದಾನೆ ಎಂದು ಅವರ ಲೆಕ್ಕ.

"ಅಮ್ಮಾ, ಇದು ಬರೀ..." ಎಂದು ಬಾಯಿ ತೆರೆದವನು ಅಲ್ಲೇ ಮುಚ್ಚಿದೆ. ಅಮ್ಮನ ಹಿಂದೆ, ಮೆಟ್ಟಿಲ ಮೇಲೆ, ಸೊಂಟಕ್ಕೆ ಕೈಯಿಟ್ಟು ತಮಿಳರಸಿ ನಿಂತಿದ್ದಳು.

ನನ್ನ ಸಂಕಟ ಈಗ ನಿಮಗೆ ಅರ್ಥವಾಗಬೇಕು. ಬೆವರುಸಾಲೆ ಎಂದರೆ ಬಿಸಿಲು ತಾಳಲಿಲ್ಲ ಎಂದು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಕರಾರು ಮುರಿಯಿತು, ಅವಳು ಬರುವುದಿಲ್ಲ, ನಾನು ಜೈಸಲ್ಮೇರಿನಲ್ಲಿ ಒಬ್ಬನೇ ಬನಿಯನ್ ಹುಡುಕುತ್ತಾ ಕೂರಬೇಕು. ಅಮ್ಮ ಬಂದಿದೆ ಎಂದರೆ? ಅದು ದೇವಿಯ ಇಚ್ಛೆ, ಅದಕ್ಕೆ ನಾನು ಹೊಣೆಯಲ್ಲ. ಒಂದು ಗಳಿಗೆ ಯೋಚಿಸಿದೆ. ಆಮೇಲೆ ಎಷ್ಟು ಭಕ್ತಿ ಸಾಧ್ಯವೋ ಅಷ್ಟು ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಮುಗಿದೆ.

"ಬೆವರುಸಾಲೆ ಥರ ಕಾಣ್ತೈತೆ ಅತ್ತೆ" ಎಂದಳು ತಮಿಳರಸಿ, ಮೆಲ್ಲಗೆ.

"ತಪ್ಪು ತಪ್ಪು, ಕೆನ್ನೆಗೆ ಹಾಕ್ಕೋ" ಎಂದರು ಅಮ್ಮ.

ಅವಳು ಕೆನ್ನೆಗೆ ಹಾಕಿಕೊಂಡಳು. ಆದರೆ ನನ್ನನ್ನು ನೋಡಿದ ನೋಟ ಭಕ್ತಿಯದಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಮನೆಯಲ್ಲಿ ಒಗ್ಗರಣೆ ನಿಂತಿತು. ಬೀದಿಗೆ ಸುದ್ದಿ ಹೋಯಿತು. ಅಮ್ಮ ಬಂದ ಮೈ ತಂಪಾಗಿರಬೇಕಲ್ಲ, ತಂಪಿನ ಮೆರವಣಿಗೆಯೇ ಶುರುವಾಯಿತು. ಬೆಳಿಗ್ಗೆ ಎಳನೀರು, ಹತ್ತು ಗಂಟೆಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಮಧ್ಯಾಹ್ನ ತಾಟಿನಿಂಗು, ಸಂಜೆ ಕಲ್ಲಂಗಡಿ, ಮಲಗುವಾಗ ಬೇವಿನ ಹಾಸಿಗೆ. ಯಾವ ಮರುಭೂಮಿಯಲ್ಲಿ ಯಾವ ರಾಜನಿಗೆ ಈ ಉಪಚಾರ ಸಿಕ್ಕಿತ್ತು? ಕರಾರಿನಲ್ಲಿ ಒಂದು ಕೊಡ ನೀರು ಎಂದಿತ್ತೇ ಹೊರತು ಎಳನೀರಿನ ಮಾತಿರಲಿಲ್ಲ. ನಾನು ದೇವಿಯ ಪರವಾಗಿ ಎಲ್ಲವನ್ನೂ ಸ್ವೀಕರಿಸಿದೆ.

ಆಮೇಲೆ ಕರುಪ್ಪಯ್ಯ ಬಂದರು. ಮರಳು ಕೊಟ್ಟ ಮನುಷ್ಯ, ಅರವತ್ತು ದಾಟಿದವರು, ನಿನ್ನೆಯವರೆಗೆ ನನ್ನನ್ನು ಮಾಪ್ಳೆ, ಅಂದರೆ ಅಳಿಯ, ಎಂದು ಬೆನ್ನಿಗೆ ಗುದ್ದುತ್ತಿದ್ದವರು. ಈಗ ಹೆಗಲ ಟವಲು ಸೊಂಟಕ್ಕೆ ಕಟ್ಟಿ ಕೆಳಗೆ ಅಂಗಳದಲ್ಲಿ ನಿಂತು ತಾರಸಿಯ ಕಡೆ ಕೈ ಮುಗಿದರು. ಮಳೆಯನ್ನೇ ನಂಬಿದ ಅವರ ಮಾನಾವಾರಿ ಹೊಲ ದೂರದ ಗುಡ್ಡದ ಬುಡದಲ್ಲಿದೆ. ಅಲ್ಲಿ ಬಿತ್ತನೆಗೆ ಕಾದಿದ್ದಾರೆ, ಬೇಸಿಗೆ ಮಳೆ ಬಂದಿಲ್ಲ.

"ತಾಯೇ, ಮಳೆ ಬತ್ತದಾ?" ಎಂದು ಕೇಳಿದರು.

ಮೈಯೆಲ್ಲ ಕೆರೆತ. ಅವರು ಹೋದರೆ ಸಾಕು, ಬೆನ್ನು ಗೋಡೆಗೆ ತಿಕ್ಕಿಕೊಳ್ಳಬಹುದು ಎನ್ನುವ ಒಂದೇ ಆಸೆ ನನಗೆ. "ಬತ್ತದೆ, ಹೋಗಿ" ಎಂದುಬಿಟ್ಟೆ.

ಬಂತು! ಮರುದಿನ ಮಧ್ಯಾಹ್ನ ಬೋಡಿಮೆಟ್ಟು ಕಡೆಯ ಬೆಟ್ಟ ಕಪ್ಪಾಯಿತು, ಗುಡುಗಿತು, ಇಡೀ ಕಣಿವೆಗೆ ಕೊಡಗಟ್ಟಲೆ ಸುರಿಯಿತು. ಮೊದಲ ಹೊಡೆತಕ್ಕೇ ನನ್ನ ತಗಡಿನ ಚಪ್ಪರ ಹಾರಿ ಬಾಳೆ ತೋಟ ಸೇರಿತು. ಮರಳೆಲ್ಲ ತೊಳೆದುಹೋಗಿ ನೀರು ಇಳಿಯುವ ಕೊಳವೆ ಕಟ್ಟಿಕೊಂಡು ತಾರಸಿ ಕೆರೆಯಾಯಿತು. ಕೆಳಗಿಳಿಯೋಣವೆಂದರೆ ಅಮ್ಮ ಬಿಡುವುದಿಲ್ಲ. ಮೂಲೆಯ ಕಟ್ಟೆಯೊಂದೇ ನೀರಿನ ಮೇಲಿತ್ತು. ಮುಂಡಾಸು ಒದ್ದೆಯಾಗಿ ಮುಖಕ್ಕೆ ಅಂಟಿಕೊಂಡು, ಕಣಕಾಲು ನೀರಿನಲ್ಲಿ ಇಳಿಬಿಟ್ಟು, ನಾನು ಅದರ ಮೇಲೆ ಕೂತೆ. ಆಗಲೂ ಕದಲಲಿಲ್ಲ. ಮರುಭೂಮಿಯ ಪರೀಕ್ಷೆಯಲ್ಲಿ ಮುಳುಗುವ ಸಂದರ್ಭ ಬರಬಹುದೆಂದು ಯಾರು ತಾನೇ ಊಹಿಸುತ್ತಾರೆ?

ಮಳೆ ನಿಂತಿದ್ದೇ ತಡ, ಕರುಪ್ಪಯ್ಯ ಕಣ್ಣೀರು ಸುರಿಸುತ್ತಾ ಒಂದು ಗೊನೆ ಎಳನೀರು ಹೊತ್ತು ತಂದರು. ಹಿಂದೆಯೇ ಅರ್ಧ ಬೀದಿ. ಒಬ್ಬರಿಗೆ ಮಗಳ ಮದುವೆ ಯಾವಾಗ, ಇನ್ನೊಬ್ಬರಿಗೆ ಕಳೆದುಹೋದ ಮೇಕೆ ಎಲ್ಲಿ. ನಾನು ಬಾಯಿ ತೆರೆದೆ. ಬಂದದ್ದು ಭವಿಷ್ಯವಲ್ಲ, ಸೀನು. ಒಂದರ ಹಿಂದೆ ಒಂದು ಸೀನು!

ಅಷ್ಟರಲ್ಲಿ ಕೆಳಗೆ ಫೋನು ಹೊಡೆಯಿತು. ನಮ್ಮ ಮ್ಯಾನೇಜರ್ ಪಾಂಡಿಯರಾಜನ್. ನಾನು ಮೆಟ್ಟಿಲ ಬಾಗಿಲಿಗೆ ಕಿವಿ ಹಚ್ಚಿದೆ. ಫೋನೆತ್ತಿದ ಅಮ್ಮ, ಮಗನಿಗೆ ಅಮ್ಮ ಬಂದಿದೆ ಎಂದು ಹೆಮ್ಮೆಯಿಂದ ಸಾರಿದರು. ಆ ಕಡೆಯವರು ಏನು ಹೇಳಿದರೋ, ಅಮ್ಮ ಅದನ್ನು ಬಂದವರಿಗೆಲ್ಲ ಕೇಳುವಂತೆ ಹೇಳಿದರು: ದೇವಿ ಇಳಿದು ತಲೆಗೆ ನೀರು ಹಾಕುವವರೆಗೆ ಆಫೀಸಿನ ಕಡೆ ತಲೆ ಹಾಕುವುದು ಬೇಡ, ಸೈಟಿಗೆ ಬೇರೆ ಯಾರನ್ನಾದರೂ ಕಳಿಸುವ ಬಗ್ಗೆ ನೋಡುತ್ತಾರಂತೆ.

ಬೇರೆ ಯಾರನ್ನಾದರೂ! ಹೆಂಡತಿ ಬರಲಿ ಎಂದು ಹಿಡಿದ ಹಟದಲ್ಲಿ ಹೋಗಬೇಕಿದ್ದ ಊರೇ ಕೈತಪ್ಪುತ್ತಿತ್ತು. ಪೌರುಷ, ಮೀಸೆ, ಕರಾರು, ಎಲ್ಲವನ್ನೂ ಆ ತಾರಸಿಯ ಕೆರೆಗೆ ಎಸೆದು ಕೂಗಿದೆ.

"ತಮಿಳೂ! ಇದು ಬೆವರುಸಾಲೆ ಕಣೇ! ನನಗೆ ಬಿಸಿಲು ತಾಳಲಿಲ್ಲ!"

ಕೇಳಿಸಿದ್ದು ಅಮ್ಮನಿಗೆ. ಮಾತಲ್ಲ, ಸೀನು. ಗಂಟಲು ಕಟ್ಟಿಕೊಂಡಿದ್ದರಿಂದ ಮಾತು ಅರ್ಧಕ್ಕೆ ನಿಂತು ಸೀನೇ ಮುಂದೆ ಹೋಗಿತ್ತು. ಸೀನು ಎಂದರೆ ದೇವಿ ತಣ್ಣಗಾದಳು ಎಂದು ಅಮ್ಮ ತೀರ್ಪು ಕೊಟ್ಟರು. ನೀರು ಹಾಕುವ ಏರ್ಪಾಡು ಶುರುವಾಯಿತು.

ಮರುದಿನ ಬೆಳಿಗ್ಗೆ ನನ್ನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದರು. ಬಿಸಿಲಿಗಿಟ್ಟ ಅರಿಸಿನ ಬೇವಿನ ನೀರನ್ನು ಬೀದಿಯ ಹೆಂಗಸರೆಲ್ಲ ಕೊಡಗಟ್ಟಲೆ ಸುರಿದರು. ನಾನು ಅಷ್ಟು ದಿನ ಉಳಿಸಿದ್ದ ನೀರೆಲ್ಲ ಬಡ್ಡಿ ಸಮೇತ ನನ್ನ ತಲೆಯ ಮೇಲೆ ಬಂತು. ಕೊನೆಯ ಕೊಡ ತಮಿಳರಸಿಯದು. ಎಲ್ಲರೂ ಅತ್ತ ಸರಿದ ಮೇಲೆ ನಾನು ಸೋತ ದನಿಯಲ್ಲಿ ಒಪ್ಪಿಕೊಂಡೆ: ಬಿಸಿಲು ತಾಳಲಿಲ್ಲ, ನೀನು ಬರಬೇಕಾಗಿಲ್ಲ, ಹೇಗೂ ಪೋಸ್ಟಿಂಗೇ ಹೋಯಿತು.

ಅವಳು ಟವಲು ಕೊಟ್ಟು ಒಳಗೆ ಕೈ ತೋರಿಸಿದಳು. ನಡುಮನೆಯಲ್ಲಿ ಹಗ್ಗ ಬಿಗಿದ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಅಮ್ಮನ ರುಬ್ಬುವ ಕಲ್ಲಿಗೂ ಗೋಣಿ ಸುತ್ತಿಯಾಗಿತ್ತು. ಕರಿಬೇವಿನ ಸಸಿ ಒಂದು ಡಬ್ಬಿಯಲ್ಲಿ ತಲೆಯೆತ್ತಿ ನಿಂತಿತ್ತು.

"ಪಾಂಡಿಯರಾಜನ್ ಸಾರಿಗೆ ನಿನ್ನೇನೇ ಫೋನ್ ಮಾಡಿ ಬೆವರುಸಾಲೆ ಅಂತ ಹೇಳ್ದೆ. ಪೋಸ್ಟಿಂಗು ನಿಮ್ದೇ. ಬರೋದು ಅಂತ ನಾನು ಮೊದಲ ದಿನವೇ ಮನಸ್ಸಾಗೆ ಮುಡಿವು ಮಾಡಿದ್ದೆ. ನೀವೊಬ್ರೇ ಹೋದ್ರೆ ನನಗೆ ಇಲ್ಲಿ ಕೂಳು ಇಳೀತದಾ?"

"ಮತ್ತೆ ಆ ಕರಾರು?" ಎಂದೆ.

"ನೀವು ಮನೆಯಾಗಿದ್ರೆ ಬನಿಯನ್ ಎಲ್ಲಿ, ಟವಲ್ ಎಲ್ಲಿ ಅಂತ ಕರೀತಾನೇ ಇರ್ತೀರ. ಪೆಟ್ಟಿ ಕಟ್ಟೋದು ಹೆಂಗೆ? ಅದಕ್ಕೇ ಮೇಲೆ ಕಳಿಸ್ದೆ."

ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡೆ. ಸಂತೋಷವೋ ಅವಮಾನವೋ, ಎರಡೂ ಒಟ್ಟಿಗೆ ಬಂದಿದ್ದವು. ಕೊನೆಗೆ ಮಾನ ಉಳಿಸಿಕೊಳ್ಳಲು, ಏನೇ ಆಗಲಿ ಆ ಊರಿನ ಬಿಸಿಲಿಗೆ ನಾನೀಗ ಸ್ವಲ್ಪವಾದರೂ ಪಳಗಿದ್ದೇನಲ್ಲ ಎಂದೆ.

"ಆ ಸೈಟಾಗೇ ಇರೋ ಕಲೈಸೆಲ್ವಿ ಅಕ್ಕಾನ ಕೇಳ್ದೆ" ಎಂದಳು ಅವಳು. "ಕ್ವಾರ್ಟರ್ಸಾಗೆ ಏಸಿ ಐತಂತೆ, ಆಫೀಸಾಗೂ ಏಸಿ ಐತಂತೆ. ಮಾರ್ಗಳಿ ತಿಂಗಳಾಗೆ ರಾತ್ರಿ ಹಲ್ಲು ಕಡಿಯೋ ಚಳಿಯಂತೆ, ಕಂಬಳಿ ತನ್ನಿ ಅಂದ್ರು. ನಿಮಗೆ ಶೀತ ತಾಳ್ತದಾ?"

ಎದೆಯುಬ್ಬಿಸಿ ಉತ್ತರ ಕೊಡಲು ಬಾಯಿ ತೆರೆದೆ. ಸೀನು ಬಂತು.