ಪವರ್‌ಹೌಸಿನ ಹಿರಿಯರಿಗೆ ಒಂದು ಬೊಟ್ಟು

ಸೀತಮ್ಮನವರ ಕೈಯಲ್ಲಿ ಕುಂಕುಮದ ಭರಣಿ ಇರುವಾಗ ಯಾವ ಪಟವೂ ಬರಿಹಣೆಯಲ್ಲಿ ಉಳಿಯುವಂತಿಲ್ಲ. ಲಕ್ಷ್ಮೀ ನಗರದ ಬಾಡಿಗೆ ಮನೆಯಲ್ಲಿ, ದೇವರ ಗೂಡಿನ ಪಕ್ಕ ಮಗ ಒರಗಿಸಿಟ್ಟಿದ್ದ ಹಳೇ ಫೋಟೋ ಒಂದಿತ್ತು. ಪವರ್‌ಹೌಸಿನ ಮುಂದೆ ಪೇಟ ಸುತ್ತಿ ನಿಂತಿದ್ದ ಆ ಹಿರಿಯರ ಹಣೆಗೂ ಬೆಳಗಿನ ಪೂಜೆಯಲ್ಲಿ ದೊಡ್ಡದೊಂದು ಬೊಟ್ಟು ಬಿತ್ತು.

ಸ್ನಾನ ಮುಗಿಸಿ ಬಂದ ಕೇಶವಮೂರ್ತಿ ಕಿರುಚಿದ. "ಅಮ್ಮಾ! ಅದು ಸರ್ಕಾರದ ಫೋಟೋ! ಗಾಜು ಒಡೆದು ಬಿದ್ದಿದೆ, ಹೊಸದು ಹಾಕಿಸ್ಕೊಂಡು ಬಾ ಅಂತ ಆಫೀಸಿನ ಡೈರೆಕ್ಟರು ಕೊಟ್ಟಿದ್ದು!"

"ಇರ್ಲಿ ಬಿಡೋ. ಊರಿಗೆಲ್ಲ ದೀಪ ಹಚ್ಚಿದ ಪುಣ್ಯಾತ್ಮರು. ಒಂದು ಬೊಟ್ಟು ಭಾರವಾಗುತ್ತಾ?"

ಹಳೇ ಮೈಸೂರು ಸೀಮೆಯ ಕಾರ್ಖಾನೆ, ಅಣೆಕಟ್ಟು, ರೈಲು ಸೇತುವೆಗಳ ಬಗ್ಗೆ ಅವನ ಆಫೀಸಿನ ಚಿತ್ರಪ್ರದರ್ಶನ ಅಂದೇ ಮಧ್ಯಾಹ್ನ. ಈ ಚಿತ್ರದ ಮೂಲಪ್ರತಿ ಇದೊಂದೇ. "ಇದಕ್ಕೇನಾದರೂ ಆದ್ರೆ ನಿನ್ನ ನೌಕರಿ ಮರೆತುಬಿಡು," ಎಂದಿದ್ದರು ಡೈರೆಕ್ಟರು.

ಟವೆಲಿನ ತುದಿ ಒದ್ದೆ ಮಾಡಿ ಒರೆಸಿದ. ದುಶ್ಶಾಸನ ಎಳೆದಷ್ಟೂ ಸೀರೆ ಬೆಳೆದಂತೆ, ಒರೆಸಿದಷ್ಟೂ ಕುಂಕುಮ ಹಬ್ಬಿತು. ಹಿರಿಯರು ಹೋಳಿ ಆಡಿ ಬಂದವರಂತಾದರು.

ಗದ್ದಲ ಕೇಳಿ ಎದುರುಮನೆಯ ಜಲಜಾಕ್ಷಿ ಬಂದರು. "ನಿಂಬೆಹುಳಿ ಹಾಕಿ ತಿಕ್ಕಿ ಮಾರಾಯ್ರೆ! ನಮ್ಮ ಹೋಟೆಲಿನ ತಾಮ್ರದ ಪಾತ್ರೆಗೆ ನಾವು ಅದೇ ಹಾಕೂದು."

ನಿಂಬೆಗೆ ಮೀಸೆ ಹೋಯಿತು.

ಕೆಳಗಿನ ಮನೆಯಲ್ಲಿದ್ದ ಚಂದ್ರಮೋಹನ ಆಫೀಸಿನಲ್ಲೂ ಪಕ್ಕದ ಕುರ್ಚಿಯವನೇ. ಅವನೂ ಹತ್ತಿ ಬಂದ. "ಅಚ್ಛಾ, ಫೋಟೋಗೆ ಯಾರಾದ್ರೂ ನಿಂಬೆ ಹಾಕ್ತಾರೇನ್ರೀ? ಟೂತ್‌ಪೇಸ್ಟ್ ತನ್ನಿ. ಚಲೋ, ಸರ್ಕೊಳ್ಳಿ."

ಅವನು ತಿಕ್ಕಿ ಮುಗಿಸಿದಾಗ ಕುಂಕುಮ ಪೂರ್ತಿ ಹೋಗಿತ್ತು. ಮುಖವೂ ಹೋಗಿತ್ತು. ಪೇಟಕ್ಕೂ ಕೋಟಿಗೂ ನಡುವೆ ಬರೀ ಬಿಳಿ ಮಂಜು.

"ಒಂದು ಚೂರೂ ಕೆಂಪಿಲ್ಲ ನೋಡಿ!" ಎಂದ ಚಂದ್ರಮೋಹನ.

ಕೇಶವಮೂರ್ತಿ ಓಡಿಹೋಗಿ ಗಾಜು ಹಾಕಿಸಿದ. ಚೆಂಡುಹೂವಿನ ದಪ್ಪ ಹಾರ ಕೊಂಡು, ಮುಖ ಮರೆಯಾಗುವಂತೆ ಇಳಿಬಿಟ್ಟು, ಸಭಾಂಗಣದ ಗೋಡೆಗೆ ತೂಗುಹಾಕಿದ. "ಒಳ್ಳೇ ಭಕ್ತಿ ಕಣ್ರೀ," ಎನ್ನುತ್ತ ಡೈರೆಕ್ಟರು ಮುಂದೆ ಹೋದರು. ಫ್ಯಾನು ತಿರುಗಿದಾಗಲೆಲ್ಲ ಹಾರ ಅಲುಗುತ್ತಿತ್ತು. ಜೊತೆಗೆ ಕೇಶವಮೂರ್ತಿಯ ಜೀವ.

ಮುಖ್ಯ ಅತಿಥಿ ಹೃಷಿಕೇಶ್ ದೊಡ್ಡ ಅಧಿಕಾರಿ. ಉಕ್ಕಿನ ಕುಲುಮೆ ನೋಡಿದರು, ಸೇತುವೆ ನೋಡಿದರು, ನೇರ ಹಾರದ ಮುಂದೆ ಬಂದು ನಿಂತು ಪಟದ ಕೆಳಗಿನ ಹೆಸರು ಓದಿದರು.

"ಇವರು ನಮ್ಮ ತಾತ. ಮನೆಯಲ್ಲಿ ಅವರದೊಂದು ಪಟವೂ ಇಲ್ಲ. ಇಲ್ಲಿದೆ ಅಂತ ಕೇಳಿಯೇ ಬಂದೆ." ಚೀಲದಿಂದ ಗಂಧದ ಹಾರ ತೆಗೆದರು. "ಆ ಹೂವು ತೆಗೀರಿ, ಇದನ್ನ ಹಾಕ್ತೀನಿ."

"ಸಾರ್, ಅದರ ಮೇಲೇ ಹಾಕಬಹುದಲ್ಲ..."

"ತೆಗೀರಿ."

ಬಲಿಗೆ ಕತ್ತು ಕೊಟ್ಟವನಂತೆ ಕೇಶವಮೂರ್ತಿ ಹಾರ ತೆಗೆದ. ಹೃಷಿಕೇಶ್ ಮಂಜನ್ನೇ ನೋಡುತ್ತ ನಿಂತರು. ಕಣ್ಣು ತುಂಬಿ ಬಂತು.

"ತಾತನೇ! ಒಂದು ಗಳಿಗೆ ನಿಂತಲ್ಲಿ ನಿಲ್ಲೋರಲ್ಲ. ಕ್ಯಾಮೆರಾ ಮುಂದೂ ತಲೆ ಆಡಿಸಿಬಿಟ್ಟಿದ್ದಾರೆ! ಆಗಿನ ಕ್ಯಾಮೆರಾಗೆ ಅಲುಗಾಡಿದ ಮುಖ ಸಿಗ್ತಿರಲಿಲ್ಲ, ಅಲ್ವಾ?"

ಕೇಶವಮೂರ್ತಿಗೆ ಹೋದ ಜೀವ ಬಂತು. "ಹೌದು ಸಾರ್! ಮೊದಲಿಂದಲೂ ಹೀಗೇ ಇದೆ. ನಾನೇ ಕಣ್ಣಾರೆ ನೋಡಿದೀನಿ!"

ಹೃಷಿಕೇಶ್ ಅವನ ಬೆನ್ನು ತಟ್ಟಿದರು. ಡೈರೆಕ್ಟರು ಹಲ್ಲು ಬಿಟ್ಟರು. ಆ ಹೊತ್ತಿಗೆ ಗುಂಪು ಸೀಳಿಕೊಂಡು ಚಂದ್ರಮೋಹನ ಓಡಿಬಂದ.

"ಸಾರ್, ಪ್ರದರ್ಶನದ ಪುಸ್ತಕ! ಹೋದ ತಿಂಗಳು ಫೋಟೋಗಳ ಕಾಪಿ ತೆಗೆದು ಕಳಿಸಿದ್ದು, ಈಗಷ್ಟೇ ಪ್ರೆಸ್ಸಿಂದ ಬಂತು. ನಿಮ್ಮ ತಾತ ಮೊದಲ ಪುಟದಲ್ಲೇ ಇದ್ದಾರೆ!"

ಹೃಷಿಕೇಶ್ ಪುಟ ತೆರೆದರು. ಪೊದೆಮೀಸೆ, ಹಣೆಯ ಗೆರೆ, ಹೊಳೆಯುವ ಕಣ್ಣು. ಗೋಡೆ ನೋಡಿದರು. ಮತ್ತೆ ಪುಟ ನೋಡಿದರು. ಕೊನೆಗೆ ನಿಧಾನವಾಗಿ ಕೇಶವಮೂರ್ತಿಯ ಕಡೆ ತಿರುಗಿದರು.

"ಪುಸ್ತಕದಲ್ಲಿ ತಾತ ಅಲುಗಾಡೇ ಇಲ್ವಲ್ಲಾ?"